ವಿಕಾಸವಾದದ ಬೋಧನೆ: ಕ್ರೈಸ್ತ ವಿರೋಧ ಮತ್ತು ರಾಜಿಯ ಪ್ರಶ್ನೆ

ಶಾಲೆಗಳಲ್ಲಿ ಜೀವವಿಕಾಸ ಸಿದ್ಧಾಂತ ಕಲಿಸುವುದನ್ನು ವಿರೋಧಿಸುವ ಕ್ರೈಸ್ತರು ನೂರು ವರ್ಷಗಳಿಂದ ತಮ್ಮತಮ್ಮಲ್ಲೇ ನಡೆಸಿಕೊಂಡು ಬಂದಿರುವ ವಾಗ್ವಾದ ಇದು. ಡಾರ್ವಿನ್ನನ ಜೊತೆ ಅವರಿಗಿರುವ ಜಗಳ ಎಲ್ಲರಿಗೂ ಗೊತ್ತು. ಆ ಜಗಳ ಗೆಲ್ಲಲು ಏನನ್ನು ಬಿಟ್ಟುಕೊಡಬಹುದು ಎಂಬ ಒಳಜಗಳ ಅಷ್ಟಾಗಿ ಬೆಳಕಿಗೆ ಬಂದಿಲ್ಲ. ಇದರಲ್ಲಿ ಮೂರು ಎಳೆಗಳಿವೆ. ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಬರುವ ಸೃಷ್ಟಿಯ ಆರು ದಿನಗಳನ್ನು ದೀರ್ಘ ಯುಗಗಳೆಂದು ಓದಬಹುದೇ ಎಂಬುದು ಒಂದು. ಕಾನೂನಿನ ಕಣ್ಣಿಗೆ ಬೀಳದಿರಲೆಂದು ದೇವರ ಹೆಸರನ್ನೇ ಬಿಟ್ಟು ಬರೀ ವಿಜ್ಞಾನದ ಮಾತಿನಲ್ಲಿ ವಾದಿಸಬಹುದೇ ಎಂಬುದು ಇನ್ನೊಂದು. ತಮ್ಮ ನಂಬಿಕೆ ಒಪ್ಪದವರ ಜೊತೆ, ಅನ್ಯಧರ್ಮೀಯರ ಜೊತೆ ಕೈಜೋಡಿಸಬಹುದೇ ಎಂಬುದು ಮೂರನೆಯದು.

ವಾಗ್ವಾದದ ಮುಖ್ಯ ರಂಗ ಅಮೆರಿಕ. ಆದರೆ ರಾಜಾಜಿನಗರದಿಂದ ಕೆಂಗೇರಿವರೆಗಿನ ಪಶ್ಚಿಮ ಬೆಂಗಳೂರಿನಲ್ಲಿ ನಿಂತು ನೋಡಿದರೆ ಅದರ ಬಹುಪಾಲು ಎಳೆಗಳು ಕಣ್ಣಿಗೆ ಬೀಳುತ್ತವೆ. ಇಲ್ಲಿ ಕ್ರೈಸ್ತ ಆಡಳಿತದ ವಿದ್ಯಾಸಂಸ್ಥೆಗಳಿವೆ, ಡಾರ್ವಿನ್ನನನ್ನು ಖಂಡಿಸಿದ ಹಿಂದೂ ಪಂಥವೊಂದರ ದೊಡ್ಡ ಮಂದಿರವಿದೆ, ಕಾಲಡಿಯಲ್ಲಿ ಭೂಮಿಯ ಅತಿ ಹಳೆಯ ಬಂಡೆಗಳಲ್ಲಿ ಕೆಲವು ಇವೆ. ಅಮೆರಿಕದ ಮಾದರಿಯ ಮೊಕದ್ದಮೆ ಮಾತ್ರ ಇಲ್ಲಿ ಹುಟ್ಟಿಲ್ಲ. ಅದೇಕೆ ಎಂಬುದನ್ನು ನೋಡಿದರೆ ಅಮೆರಿಕದ ಜಗಳದ ಸ್ವರೂಪವೂ ಸ್ಪಷ್ಟವಾಗುತ್ತದೆ.

ಕಾಲಗಣನೆ

17ನೇ ಶತಮಾನದ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್, ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ ಸೃಷ್ಟಿ ನಡೆದದ್ದು ಕ್ರಿ.ಪೂ. 4004ರಲ್ಲಿ ಎಂದು ಲೆಕ್ಕ ಹಾಕಿದ. ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಈ ಇಸವಿ ಅಚ್ಚಾಗುತ್ತಾ ಬಂದದ್ದರಿಂದ ಅದೂ ಗ್ರಂಥದ ಭಾಗವೇ ಎಂಬ ಭಾವನೆ ಬೇರೂರಿತು. 19ನೇ ಶತಮಾನದ ಆರಂಭಕ್ಕೆ ಭೂವಿಜ್ಞಾನ ಈ ಲೆಕ್ಕವನ್ನು ಅಲುಗಾಡಿಸಿತು. ಸ್ಕಾಟ್ಲೆಂಡಿನ ದೈವಶಾಸ್ತ್ರಜ್ಞ ಥಾಮಸ್ ಚಾಮರ್ಸ್ 1814ರಲ್ಲಿ ಒಂದು ದಾರಿ ತೋರಿಸಿದ: ಆದಿಕಾಂಡದ ಮೊದಲ ಎರಡು ವಚನಗಳ ನಡುವೆ ಎಣಿಸಲಾಗದಷ್ಟು ಕಾಲ ಸರಿದುಹೋಗಿರಬಹುದು. ಅದೇ ನಾಡಿನ ಭೂವಿಜ್ಞಾನಿ, ಪತ್ರಕರ್ತ ಹ್ಯೂ ಮಿಲ್ಲರ್ ಸೃಷ್ಟಿಯ ಒಂದೊಂದು ದಿನವೂ ಒಂದೊಂದು ಯುಗವೆಂದ. ಅವನ ಆ ವಿಷಯದ ಪುಸ್ತಕ ಹೊರಬಂದದ್ದು 1857ರಲ್ಲಿ, ಡಾರ್ವಿನ್ನನ ಮುಖ್ಯ ಕೃತಿಗಿಂತ ಎರಡು ವರ್ಷ ಮೊದಲು.

ಹೀಗೆ ಭಾರತಕ್ಕೆ ಮಿಷನರಿಗಳು ಬರುತ್ತಿದ್ದ ಕಾಲದಲ್ಲೇ, ಓದಿಕೊಂಡ ಪ್ರಾಟೆಸ್ಟೆಂಟರಲ್ಲಿ ಅನೇಕರು ಭೂಮಿಯ ವಯಸ್ಸಿನ ವಿಷಯದಲ್ಲಿ ಹಠ ಬಿಟ್ಟಿದ್ದರು. 1830ರಲ್ಲಿ ಕಲ್ಕತ್ತೆಗೆ ಬಂದು ಇಂಗ್ಲಿಷ್ ಶಿಕ್ಷಣಕ್ಕೆ ಅಡಿಪಾಯ ಹಾಕಿದ ಅಲೆಕ್ಸಾಂಡರ್ ಡಫ್ ಆ ಚಾಮರ್ಸ್‌ನ ಶಿಷ್ಯ. ಬಳ್ಳಾರಿಯಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಮುದ್ರಣ ಕಂಡದ್ದು 1831ರಲ್ಲಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೆಲೆಯೂರಿದ್ದು 1834ರಲ್ಲಿ. ಭೂಮಿಗೆ ಆರು ಸಾವಿರ ವರ್ಷ ಮಾತ್ರ ಎಂಬ ಹಠವೇ ಕ್ರೈಸ್ತಧರ್ಮದ ಮೂಲ ನಿಲುವು, ಉಳಿದದ್ದೆಲ್ಲ ಆಮೇಲಿನ ಸಡಿಲಿಕೆ ಎಂದು ಇಂದು ವಿಕಾಸವಾದದ ಪರ, ವಿರೋಧ ಎರಡೂ ಕಡೆಯವರು ಹೇಳುವುದುಂಟು. ಚರಿತ್ರೆ ಹಾಗಿಲ್ಲ. ಇಂದು ಕಾಣುವ ಬಿಗಿ ನಿಲುವು ಬಹುಮಟ್ಟಿಗೆ 20ನೇ ಶತಮಾನದ್ದು.

ಬೆಂಗಳೂರಿನಲ್ಲಿ ಈ ಪ್ರಶ್ನೆ ಪುಸ್ತಕದಲ್ಲಷ್ಟೇ ಇಲ್ಲ, ನೆಲದಲ್ಲೂ ಇದೆ. ನಗರದ ತಳದ ಶಿಲೆ ಪರ್ಯಾಯದ್ವೀಪ ನೈಸ್ ಸುಮಾರು 300 ಕೋಟಿ ವರ್ಷ ಹಳೆಯದು. ಲಾಲ್‌ಬಾಗಿನ ಬಂಡೆಗುಡ್ಡ ಅದರ ರಾಷ್ಟ್ರೀಯ ಸ್ಮಾರಕ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಬಿಡದಿಯ ಕಡೆ ಹೊರಟರೆ ಮುಂದೆ ಸಿಗುವ ರಾಮನಗರದ ಗುಡ್ಡಗಳು ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷದವು. ರಾಮನಗರದ ಹಳೆಯ ಹೆಸರೇ ಈ ಶಿಲೆಗೆ ಉಳಿದಿದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಆರಂಭವಾದಾಗ ಅದರ ಹೊಣೆ ಹೊತ್ತವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿ ಗುರುತಿಸಿ ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಬಾಗಿಲು ತೆರೆದವರು ಅವರೇ. ಅವರ ಮಾವ ಪೀಟರ್ ಪರ್ಸಿವಲ್ ತಮಿಳು ಪಂಡಿತರಾದ ಪಾದ್ರಿ. ದಕ್ಷಿಣ ಭಾರತದಲ್ಲಿ ಮನುಷ್ಯನ ಪ್ರಾಚೀನತೆಯನ್ನು ನೆಲದಿಂದ ಅಗೆದು ತೋರಿಸಿದ ವ್ಯಕ್ತಿ ಮಿಷನರಿ ಮನೆಯ ಅಳಿಯನಾಗಿದ್ದರೆಂಬುದು ಸಣ್ಣ ಸಂಗತಿಯಾದರೂ, ಆ ಕಾಲದ ಗಾಳಿ ಹೇಗಿತ್ತೆಂಬುದಕ್ಕೆ ಸಾಕ್ಷಿ. ಆಮೇಲೆ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲಿನ ಆಯುಧಗಳ ತಯಾರಿಕೆಯ ನೆಲೆಯೇ ಸಿಕ್ಕಿತು.

ಡೇಟನ್, 1925

ರಾಜಿಯ ಪ್ರಶ್ನೆ ಜಗಜ್ಜಾಹೀರಾದದ್ದು ಅಮೆರಿಕದ ಟೆನೆಸಿ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ. ಮನುಷ್ಯ ಕೆಳಮಟ್ಟದ ಪ್ರಾಣಿಗಳಿಂದ ಬಂದನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸುವುದನ್ನು ಆ ರಾಜ್ಯದ ಬಟ್ಲರ್ ಕಾಯ್ದೆ 1925ರ ಮಾರ್ಚ್‌ನಲ್ಲಿ ನಿಷೇಧಿಸಿತು. ಜಾನ್ ಸ್ಕೋಪ್ಸ್ ಎಂಬ ಶಿಕ್ಷಕ ಅದನ್ನು ಮೀರಿದನೆಂದು ಜುಲೈಯಲ್ಲಿ ವಿಚಾರಣೆ ನಡೆಯಿತು. ಕಾಯ್ದೆಯ ಪರ ನಿಂತವರು ವಿಲಿಯಂ ಜೆನಿಂಗ್ಸ್ ಬ್ರಯಾನ್. ಮೂರು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತವರು, ರೈತರ, ದುಡಿಯುವವರ ಪರ ದನಿ ಎತ್ತಿದವರು. ಅವರು ಭಾರತಕ್ಕೂ ಬಂದಿದ್ದರು. ಬ್ರಿಟಿಷ್ ಆಳ್ವಿಕೆಯನ್ನು ಟೀಕಿಸಿ 1906ರಲ್ಲಿ ಅವರು ಬರೆದ ಲೇಖನ ನಮ್ಮ ಸ್ವಾತಂತ್ರ್ಯ ಚಳವಳಿಗಾರರ ಕೈಯಲ್ಲಿ ಓಡಾಡಿತು. ಬ್ರಯಾನ್‌ರನ್ನು ಬರೀ ಮೂಢಭಕ್ತನಂತೆ ಚಿತ್ರಿಸುವುದು ಅನ್ಯಾಯ. ಬಲಿಷ್ಠರೇ ಬದುಕುಳಿಯಬೇಕೆಂಬ ಮಾತು ಬಡವರ ಮೇಲಿನ ದಬ್ಬಾಳಿಕೆಗೂ ಯುದ್ಧಕ್ಕೂ ನೆಪವಾಗುತ್ತದೆಂಬ ಭಯ ಅವರ ವಿರೋಧದ ಬೇರಿನಲ್ಲಿತ್ತು.

ಜುಲೈ 20ರಂದು ಎದುರಾಳಿ ವಕೀಲ ಕ್ಲಾರೆನ್ಸ್ ಡಾರೋ ಬ್ರಯಾನ್‌ರನ್ನೇ ಸಾಕ್ಷಿ ಕಟ್ಟೆಗೆ ಕರೆದರು. ಭೂಮಿ ಆರು ದಿನದಲ್ಲಿ ಆಯಿತೇ ಎಂದು ಕೇಳಿದಾಗ ಬ್ರಯಾನ್, ಅವು 24 ಗಂಟೆಯ ದಿನಗಳೇ ಆಗಿರಬೇಕಿಲ್ಲ, ದೀರ್ಘ ಅವಧಿಗಳೂ ಆಗಿರಬಹುದೆಂದು ಒಪ್ಪಿಕೊಂಡರು. ಕೆಲವು ಬೆಂಬಲಿಗರಿಗೆ ಇದು ಆಘಾತ. ಆದರೆ ಆ ಕಾಲದ ಮೂಲಭೂತವಾದಿ ನಾಯಕರಲ್ಲಿ ಅದೇ ಸಾಮಾನ್ಯ ಅಭಿಪ್ರಾಯವಾಗಿತ್ತು. ಅವರ ಚಳವಳಿಗೆ ಹೆಸರು ಕೊಟ್ಟ, 1910ರಿಂದ 1915ರವರೆಗೆ ಹೊರಬಂದ ಕಿರುಪುಸ್ತಕಗಳ ಮಾಲೆಯಲ್ಲಿ ಜೇಮ್ಸ್ ಆರ್ ತರಹದ ಲೇಖಕರು ಪುರಾತನ ಭೂಮಿಯನ್ನು ಒಪ್ಪಿ, ವಿಕಾಸಕ್ಕೂ ಒಂದಿಷ್ಟು ಜಾಗ ಬಿಟ್ಟಿದ್ದರು.

ಸಾಕ್ಷಿ ಕಟ್ಟೆಯ ಉತ್ತರಕ್ಕಿಂತ ಮುಖ್ಯವಾದದ್ದು, ವಿಚಾರಣೆಗೆ ಕೆಲವೇ ವಾರ ಮುಂಚೆ ಬ್ರಯಾನ್ ವೈದ್ಯ ಹೊವರ್ಡ್ ಕೆಲ್ಲಿಯವರಿಗೆ ಬರೆದ ಕಾಗದ. ಮನುಷ್ಯನವರೆಗಿನ ವಿಕಾಸದ ಬಗ್ಗೆ ತಮ್ಮದೇನೂ ಆಕ್ಷೇಪವಿಲ್ಲ, ಆದರೆ ಅಷ್ಟನ್ನು ಒಪ್ಪಿಕೊಂಡರೆ ಎದುರಾಳಿಗಳ ಕೈಗೆ ವಾದ ಕೊಟ್ಟಂತಾಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಒಳಗೆ ಒಪ್ಪಿದ್ದನ್ನು ಹೊರಗೆ ಹೇಳದಿರುವುದು, ಅದೂ ರಣತಂತ್ರಕ್ಕಾಗಿ. ಮುಂದಿನ ನೂರು ವರ್ಷಗಳ ಒಳಜಗಳವೆಲ್ಲ ಈ ಕಾಗದದಲ್ಲಿ ಬೀಜರೂಪದಲ್ಲಿದೆ. ಸ್ಕೋಪ್ಸ್‌ಗೆ 100 ಡಾಲರ್ ದಂಡವಾಯಿತು. 1927ರಲ್ಲಿ ತಾಂತ್ರಿಕ ಕಾರಣಕ್ಕೆ ಆ ತೀರ್ಪು ರದ್ದಾಯಿತು. ಬ್ರಯಾನ್ ವಿಚಾರಣೆ ಮುಗಿದ ಐದೇ ದಿನಕ್ಕೆ ತೀರಿಕೊಂಡರು. ಕಾಯ್ದೆ ಮಾತ್ರ 1967ರವರೆಗೆ ಉಳಿದಿತ್ತು.

1961ರ ತಿರುವು

ಬ್ರಯಾನ್ ತಮ್ಮ ಪರ ಸಾಕ್ಷಿ ಹೇಳಲು ಕರೆದವರಲ್ಲಿ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್ ಒಬ್ಬರು. ಇಂಗ್ಲೆಂಡಿನಲ್ಲಿದ್ದ ಅವರು ಬರಲಾಗಲಿಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಗೆ ಸೇರಿದ, ಭೂವಿಜ್ಞಾನವನ್ನು ತಾವೇ ಓದಿಕೊಂಡಿದ್ದ ಪ್ರೈಸ್, ಪಳೆಯುಳಿಕೆಗಳ ಪದರಗಳೆಲ್ಲ ನೋಹನ ಕಾಲದ ಒಂದೇ ಜಲಪ್ರಳಯದಿಂದ ಆದವೆಂದು ವಾದಿಸುತ್ತಿದ್ದರು. ಅಡ್ವೆಂಟಿಸ್ಟರಿಗೆ ಶನಿವಾರದ ಸಬ್ಬತ್ ಮುಖ್ಯ. ಸೃಷ್ಟಿಯ ವಾರ ನಿಜವಾದ ಏಳು ದಿನವಾಗಿರದಿದ್ದರೆ ಸಬ್ಬತ್ತಿನ ಆಧಾರವೇ ಕುಸಿಯುತ್ತದೆಂಬುದು ಅವರ ತರ್ಕ. ಆದ್ದರಿಂದ ಈ ವಿಷಯದಲ್ಲಿ ಅವರು ಎಂದೂ ಸಡಿಲವಾಗಲಿಲ್ಲ. ಬೆಂಗಳೂರಿಗೆ ಈ ಸಭೆ ಹೊಸದಲ್ಲ: ಈಗ ಪುಣೆಯಲ್ಲಿರುವ ಅವರ ಸ್ಪೈಸರ್ ಕಾಲೇಜು 1942ರವರೆಗೆ ಕೃಷ್ಣರಾಜಪುರದಲ್ಲಿತ್ತು, ಅಲ್ಲಿಯ ಲೌರಿ ಮೆಮೋರಿಯಲ್ ವಿದ್ಯಾಸಂಸ್ಥೆ ಇಂದಿಗೂ ಅವರದ್ದೇ.

ಪ್ರೈಸ್ ವಾದ ದಶಕಗಳ ಕಾಲ ಅಂಚಿನಲ್ಲೇ ಉಳಿಯಿತು. 1941ರಲ್ಲಿ ಹುಟ್ಟಿದ ಕ್ರೈಸ್ತ ವಿಜ್ಞಾನಿಗಳ ಸಂಘ ಅಮೆರಿಕನ್ ಸೈಂಟಿಫಿಕ್ ಅಫಿಲಿಯೇಷನ್ ಬರಬರುತ್ತಾ ಪುರಾತನ ಭೂಮಿಯ ಕಡೆಗೂ ವಿಕಾಸದ ಕಡೆಗೂ ವಾಲಿತು. ಜಲಪ್ರಳಯದ ಭೂವಿಜ್ಞಾನವನ್ನು ಬಿಟ್ಟುಬಿಡಿ ಎಂದು ಬ್ಯಾಪ್ಟಿಸ್ಟ್ ದೈವಶಾಸ್ತ್ರಜ್ಞ ಬರ್ನಾರ್ಡ್ ರ್‍ಯಾಮ್ 1954ರಲ್ಲಿ ಸ್ವಧರ್ಮೀಯರಿಗೆ ನೇರವಾಗಿ ಹೇಳಿದರು. ಇದಕ್ಕೆ ಸಿಟ್ಟಿನ ಉತ್ತರವಾಗಿ ಹುಟ್ಟಿದ್ದೇ 1961ರ ‘ದಿ ಜೆನೆಸಿಸ್ ಫ್ಲಡ್’. ಬರೆದವರು ಹಳೆಯ ಒಡಂಬಡಿಕೆಯ ಪ್ರಾಧ್ಯಾಪಕ ಜಾನ್ ವಿಟ್‌ಕಾಂಬ್ ಮತ್ತು ಜಲವಿಜ್ಞಾನದ ಎಂಜಿನಿಯರ್ ಹೆನ್ರಿ ಮಾರಿಸ್. ಅದರ ತಿರುಳು ಪ್ರೈಸ್ ವಾದವೇ. ಅಡ್ವೆಂಟಿಸ್ಟರನ್ನು ಶಂಕೆಯಿಂದ ಕಾಣುತ್ತಿದ್ದ ಓದುಗರು ಬೆದರಿಯಾರೆಂದು ಲೇಖಕರು ಪ್ರೈಸ್ ಹೆಸರನ್ನು ಆದಷ್ಟು ಹಿಂದಕ್ಕೆ ಸರಿಸಿದರು. ರಾಜಿಯೇ ಕೂಡದೆಂದು ಸಾರಿದ ಪುಸ್ತಕ ತನ್ನ ಋಣವನ್ನು ಮರೆಮಾಡಿಯೇ ಹೊರಬಂತು.

1963ರಲ್ಲಿ ರೂಪುಗೊಂಡ ಕ್ರಿಯೇಷನ್ ರಿಸರ್ಚ್ ಸೊಸೈಟಿ ಸದಸ್ಯರಿಂದ ನಂಬಿಕೆಯ ಹೇಳಿಕೆಗೆ ಸಹಿ ಪಡೆಯತೊಡಗಿತು. ಅಲ್ಲಿಂದ ಮುಂದೆ ಭೂಮಿಗೆ ಸಾವಿರಾರು ವರ್ಷವೇ ಎಂಬವರು, ಕೋಟಿಗಟ್ಟಲೆ ವರ್ಷ ಒಪ್ಪುವ ಸಹವಿಶ್ವಾಸಿಗಳನ್ನು ರಾಜಿಕೋರರೆಂದು ಬಹಿರಂಗವಾಗಿ ಕರೆಯಲಾರಂಭಿಸಿದರು. ಖಗೋಳ ವಿಜ್ಞಾನಿ ಹ್ಯೂ ರಾಸ್ 1986ರಲ್ಲಿ ಕಟ್ಟಿದ ಸಂಸ್ಥೆ ವಿಕಾಸವನ್ನು ತಳ್ಳಿಹಾಕಿಯೂ ಪುರಾತನ ಭೂಮಿಯನ್ನು ಒಪ್ಪುತ್ತದೆ. ಕೆನ್ ಹ್ಯಾಮ್ ಅವರ ಆನ್ಸರ್ಸ್ ಇನ್ ಜೆನೆಸಿಸ್ ಸಂಸ್ಥೆ ಡಾರ್ವಿನ್ನನನ್ನು ಖಂಡಿಸುವಷ್ಟೇ ತೀಕ್ಷ್ಣವಾಗಿ ರಾಸ್ ಅವರನ್ನೂ ಖಂಡಿಸುತ್ತದೆ. ಕೆಂಟಕಿಯಲ್ಲಿ 2007ರಲ್ಲಿ ಸೃಷ್ಟಿ ಸಂಗ್ರಹಾಲಯವನ್ನೂ 2016ರಲ್ಲಿ ನೋಹನ ನಾವೆಯ ದೈತ್ಯ ಪ್ರತಿರೂಪವನ್ನೂ ತೆರೆದ ಹ್ಯಾಮ್ ಅವರ ವಾದ ಸರಳ: ಮೊದಲ ಅಧ್ಯಾಯದಲ್ಲೇ ಗ್ರಂಥವನ್ನು ವಿಜ್ಞಾನಕ್ಕೆ ಬಗ್ಗಿಸಿದವನು ಪುನರುತ್ಥಾನದ ಅಧ್ಯಾಯದಲ್ಲಿ ಎಲ್ಲಿ ನಿಲ್ಲುತ್ತಾನೆ? ಆದಾಮನ ಪಾಪಕ್ಕೆ ಮುಂಚೆ ಪ್ರಾಣಿಗಳ ಸಾವು ಇತ್ತೆಂದರೆ ಕ್ರಿಸ್ತನ ಬಲಿದಾನಕ್ಕೆ ಅರ್ಥವೇನು? ಈ ಪ್ರಶ್ನೆಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಂಬುವವರಿಗೆ ಅವು ಪ್ರಾಣಸಮಾನ. ಆದರೆ ಗ್ರಂಥದ ಅಕ್ಷರವೂ ತಪ್ಪಲಾರದೆಂದು ಸಾರುವ ಸಂಪ್ರದಾಯವಾದಿ ವಿದ್ವಾಂಸರಲ್ಲೇ ಅನೇಕರು ಭೂಮಿಯ ವಯಸ್ಸನ್ನು ನಿಷ್ಠೆಯ ಪರೀಕ್ಷೆ ಮಾಡಲು ಒಪ್ಪಲಿಲ್ಲ. ಸಂಪ್ರದಾಯನಿಷ್ಠವಾದ ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಯೊಂದರ ಅಧ್ಯಯನ ಸಮಿತಿ 2000ದಲ್ಲಿ ಸೃಷ್ಟಿಯ ದಿನಗಳ ಬಗ್ಗೆ ಒಂದಕ್ಕಿಂತ ಹೆಚ್ಚು ವ್ಯಾಖ್ಯಾನಗಳಿಗೆ ಜಾಗ ಕೊಟ್ಟಿತು.

ನ್ಯಾಯಾಲಯಕ್ಕಾಗಿ ಬದಲಾದ ಭಾಷೆ

ಅಮೆರಿಕದ ಸಂವಿಧಾನ ಸರ್ಕಾರಿ ಶಾಲೆಯಲ್ಲಿ ಮತಬೋಧನೆಗೆ ಅವಕಾಶ ಕೊಡುವುದಿಲ್ಲ. ವಿಕಾಸವಾದ ಕಲಿಸಬಾರದೆಂಬ ಕಾಯ್ದೆಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 1968ರಲ್ಲಿ ಅರ್ಕನ್ಸಾಸ್‌ನ ಮೊಕದ್ದಮೆಯೊಂದರಲ್ಲಿ ಅಸಿಂಧುಗೊಳಿಸಿತು. ನಿಷೇಧದ ದಾರಿ ಮುಚ್ಚಿದ ಮೇಲೆ ಹೊಸ ಬೇಡಿಕೆ ಬಂತು: ವಿಕಾಸದ ಜೊತೆಗೆ ‘ಸೃಷ್ಟಿ ವಿಜ್ಞಾನ’ವನ್ನೂ ಸಮನಾಗಿ ಕಲಿಸಿ. ಅದು ವಿಜ್ಞಾನವೆಂದು ತೋರಬೇಕಾದರೆ ಬೈಬಲ್ ಕಾಣಿಸಬಾರದು. ಹೆನ್ರಿ ಮಾರಿಸ್ ಅವರ 1974ರ ‘ಸೈಂಟಿಫಿಕ್ ಕ್ರಿಯೇಷನಿಸಂ’ ಎರಡು ಆವೃತ್ತಿಗಳಲ್ಲಿ ಬಂತು: ಸರ್ಕಾರಿ ಶಾಲೆಗೊಂದು, ಬೈಬಲ್ಲಿನ ಅಧ್ಯಾಯ ಇಲ್ಲದ್ದು, ಮಿಕ್ಕವರಿಗೊಂದು, ಆ ಅಧ್ಯಾಯ ಇರುವಂಥದ್ದು. ಭೂಮಿಯ ವಯಸ್ಸಿನಲ್ಲಿ ಒಂದು ದಿನವನ್ನೂ ಬಿಟ್ಟುಕೊಡದವರು ತರಗತಿಯ ಬಾಗಿಲಲ್ಲಿ ದೇವರ ಹೆಸರನ್ನು ಬಿಟ್ಟುಕೊಟ್ಟರು.

1981ರಲ್ಲಿ ಅರ್ಕನ್ಸಾಸ್ ರಾಜ್ಯ ಈ ಸಮಬೋಧನೆಯನ್ನು ಕಾಯ್ದೆ ಮಾಡಿತು. ಅದನ್ನು ಪ್ರಶ್ನಿಸಿದವರ ಮುಂಚೂಣಿಯಲ್ಲಿದ್ದವರು ನಾಸ್ತಿಕರಲ್ಲ. ಮೊದಲ ಫಿರ್ಯಾದಿ ಮೆಥಡಿಸ್ಟ್ ಪಾದ್ರಿ ಬಿಲ್ ಮೆಕ್ಲೀನ್. ಅವರ ಜೊತೆ ಮೆಥಡಿಸ್ಟ್, ಎಪಿಸ್ಕೋಪಲ್, ರೋಮನ್ ಕಥೋಲಿಕ ಬಿಷಪ್ಪರಿದ್ದರು. ತಮ್ಮ ಧರ್ಮವನ್ನು ಸರ್ಕಾರ ವಿಜ್ಞಾನದ ವೇಷ ಹಾಕಿಸಿ ಶಾಲೆಗೆ ಕಳಿಸುವುದು ಧರ್ಮಕ್ಕೇ ಅವಮಾನವೆಂಬುದು ಅವರ ನಿಲುವು. ಕಾಯ್ದೆಯ ಪರವಾಗಿ ಬಂದ ಸಾಕ್ಷಿಗಳಲ್ಲಿ ಶ್ರೀಲಂಕಾ ಮೂಲದ ಖಗೋಳ ವಿಜ್ಞಾನಿ ಚಂದ್ರ ವಿಕ್ರಮಸಿಂಘೆ ಒಬ್ಬರು. ಡಾರ್ವಿನ್‌ವಾದ ಸಾಲದೆಂದು ಹೇಳಿದ ಅವರು, ಭೂಮಿಗೆ ಹತ್ತು ಲಕ್ಷ ವರ್ಷವೂ ಆಗಿಲ್ಲವೆಂದು ವಿವೇಕವಿರುವ ಯಾವ ವಿಜ್ಞಾನಿಯೂ ನಂಬಲಾರನೆಂದೂ ಹೇಳಿಬಿಟ್ಟರು. 1982ರ ಜನವರಿ 5ರಂದು ನ್ಯಾಯಾಧೀಶ ವಿಲಿಯಂ ಓವರ್ಟನ್ ಕಾಯ್ದೆಯನ್ನು ರದ್ದು ಮಾಡಿದರು. ಲೂಸಿಯಾನಾದ ಇಂಥದೇ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1987ರಲ್ಲಿ 7–2 ಬಹುಮತದಿಂದ ತಳ್ಳಿಹಾಕಿತು.

ಆಮೇಲೆ ನಡೆದದ್ದು ಈ ಚರಿತ್ರೆಯ ಅತ್ಯಂತ ದುಃಖದ ಭಾಗವೆಂದು ಈ ಲೇಖಕನ ಅಭಿಪ್ರಾಯ. ಆಗ ಸಿದ್ಧವಾಗುತ್ತಿದ್ದ ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಎಂಬ ಪಠ್ಯಪುಸ್ತಕದ ಕರಡುಗಳಲ್ಲಿ ‘ಸೃಷ್ಟಿವಾದಿ’ ಎಂದಿದ್ದ ಕಡೆಯೆಲ್ಲ ‘ವಿನ್ಯಾಸದ ಪ್ರತಿಪಾದಕ’ ಎಂದು ಬದಲಾಯಿಸಲಾಯಿತು. ಒಂದು ಕಡೆ ತಿದ್ದುವವರ ಕೈತಪ್ಪಿನಿಂದ ಹಳೆಯ ಪದದೊಳಗೆ ಹೊಸ ಪದ ಸಿಕ್ಕಿಕೊಂಡು ಉಳಿಯಿತು. 1989ರಲ್ಲಿ ಪುಸ್ತಕ ಅಚ್ಚಾಯಿತು, ಇಂಟೆಲಿಜೆಂಟ್ ಡಿಸೈನ್ ಎಂಬ ವಾದ ಚಾಲ್ತಿಗೆ ಬಂತು: ಜೀವಿಗಳಲ್ಲಿ ಬುದ್ಧಿಪೂರ್ವಕ ವಿನ್ಯಾಸ ಕಾಣುತ್ತದೆ, ವಿನ್ಯಾಸಕ ಯಾರೆಂದು ನಾವು ಹೇಳುವುದಿಲ್ಲ. 2004ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮಂಡಳಿ ಈ ವಾದವನ್ನು ಮಕ್ಕಳ ಕಿವಿಗೆ ಹಾಕಬೇಕೆಂದು ನಿರ್ಣಯಿಸಿತು. ಸೋಜಿಗವೆಂದರೆ, ವಾದದ ತವರಾದ ಡಿಸ್ಕವರಿ ಇನ್‌ಸ್ಟಿಟ್ಯೂಟ್ ಇದನ್ನು ಕಡ್ಡಾಯ ಮಾಡಬೇಡಿ ಎಂದು ಮಂಡಳಿಗೆ ಹೇಳಿತ್ತು. ಸಾಕ್ಷಿ ಹೇಳಬೇಕಿದ್ದ ಅದರ ಕೆಲವು ಮುಖ್ಯ ವಿದ್ವಾಂಸರು ಹಿಂದೆ ಸರಿದರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ಕೊಟ್ಟ ತೀರ್ಪು, ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಸೃಷ್ಟಿವಾದದ ಮುಂದುವರಿಕೆ ಎಂದಿತು. ತಮ್ಮ ಧಾರ್ಮಿಕ ಉದ್ದೇಶ ಮುಚ್ಚಿಡಲು ಮಂಡಳಿಯ ಸದಸ್ಯರು ಪ್ರಮಾಣ ಮಾಡಿ ಸುಳ್ಳಾಡಿದ್ದನ್ನೂ ಅದು ದಾಖಲಿಸಿತು. ಸುಳ್ಳು ಸಾಕ್ಷಿ ಹೇಳಬಾರದೆಂಬುದು ಹತ್ತು ಆಜ್ಞೆಗಳಲ್ಲೊಂದು. ಸತ್ಯಕ್ಕಾಗಿ ಹೋರಾಡುತ್ತೇವೆಂದು ಹೊರಟವರು ಸತ್ಯವನ್ನೇ ಬಲಿಕೊಟ್ಟದ್ದನ್ನು ಕಂಡು ಅನೇಕ ಕ್ರೈಸ್ತರು ನೊಂದರು. ಡೋವರ್‌ನಲ್ಲಿ ವಿಕಾಸವಾದದ ಪರ ಸಾಕ್ಷಿ ಹೇಳಿದವರಲ್ಲಿ ಜೀವವಿಜ್ಞಾನಿ ಕೆನೆತ್ ಮಿಲ್ಲರ್, ದೈವಶಾಸ್ತ್ರಜ್ಞ ಜಾನ್ ಹಾಟ್ ಇಬ್ಬರೂ ಕಥೋಲಿಕರು.

ಸಂಗಡಿಗರ ಪ್ರಶ್ನೆ, ರಾಜಾಜಿನಗರದ ಗುಡ್ಡ

ಕಾನೂನು ಪ್ರಾಧ್ಯಾಪಕ ಫಿಲಿಪ್ ಜಾನ್ಸನ್ 1991ರಲ್ಲಿ ಡಾರ್ವಿನ್‌ವಾದವನ್ನು ಪ್ರಶ್ನಿಸಿ ಪುಸ್ತಕ ಬರೆದು ಒಂದು ದೊಡ್ಡ ಚಪ್ಪರ ಹಾಕಿದರು: ಭೂಮಿಯ ವಯಸ್ಸು, ನೋಹನ ಪ್ರಳಯ ಮುಂತಾದ ಜಗಳಗಳನ್ನು ಬದಿಗಿಟ್ಟು ಎಲ್ಲರೂ ಮೊದಲು ಡಾರ್ವಿನ್ನನನ್ನು ಎದುರಿಸೋಣ. ಆ ಚಪ್ಪರದಡಿ ಭೂಮಿಗೆ ಕೆಲವೇ ಸಾವಿರ ವರ್ಷವೆಂಬ ಪಾಲ್ ನೆಲ್ಸನ್ ಇದ್ದರು. ಕೋಟ್ಯಂತರ ವರ್ಷಗಳನ್ನೂ ಜೀವಿಗಳ ಸಮಾನ ಪೂರ್ವಜರನ್ನೂ ಒಪ್ಪುವ ಕಥೋಲಿಕ ಮೈಕೆಲ್ ಬೀಹಿ ಇದ್ದರು. 2005ರಲ್ಲಿ ಕನ್ಸಾಸ್ ರಾಜ್ಯದ ಶಿಕ್ಷಣ ಮಂಡಳಿ ನಡೆಸಿದ ವಿಚಾರಣೆಯಲ್ಲಿ ಟರ್ಕಿಯ ಮುಸ್ಲಿಂ ಲೇಖಕ ಮುಸ್ತಫಾ ಅಕ್ಯೋಲ್ ಕೂಡ ಸಾಕ್ಷಿ ಹೇಳಿದರು. ಹೆನ್ರಿ ಮಾರಿಸ್, ಕೆನ್ ಹ್ಯಾಮ್ ಅವರಿಗೆ ಇದು ಸಮ್ಮತವಾಗಲಿಲ್ಲ. ಹೆಸರಿಲ್ಲದ ವಿನ್ಯಾಸಕನನ್ನು ನಂಬಿ ಯಾರೂ ಉದ್ಧಾರವಾಗುವುದಿಲ್ಲ, ಕ್ರಿಸ್ತನಿಲ್ಲದ ಗೆಲುವು ಗೆಲುವೇ ಅಲ್ಲ ಎಂದರು ಅವರು. ಅವರ ವಿಜ್ಞಾನ ಒಪ್ಪದವರೂ ಈ ಮಾತಿನ ಪ್ರಾಮಾಣಿಕತೆಯನ್ನು ಒಪ್ಪಬೇಕು.

ಈ ಚಪ್ಪರ ಎಷ್ಟು ಹಿಗ್ಗಬಹುದು, ಎಲ್ಲಿ ಹರಿಯುತ್ತದೆ ಎಂಬುದಕ್ಕೆ ಬೆಂಗಳೂರಿಗರ ಕಣ್ಣೆದುರಿಗೇ ಉದಾಹರಣೆ ಇದೆ. ರಾಜಾಜಿನಗರದ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಪಕ್ಕ ಗುಡ್ಡದ ಮೇಲಿರುವ ಇಸ್ಕಾನ್ ಮಂದಿರ 1997ರಲ್ಲಿ ಉದ್ಘಾಟನೆಯಾಯಿತು. ಇಸ್ಕಾನ್ ಸಂಸ್ಥಾಪಕ ಭಕ್ತಿವೇದಾಂತ ಸ್ವಾಮಿ ಪ್ರಭುಪಾದರು ಡಾರ್ವಿನ್ನನ ಕಟು ಟೀಕಾಕಾರರು. ಜೀವ ಜಡದಿಂದ ಹುಟ್ಟದು, ಜೀವದಿಂದಲೇ ಜೀವ ಎಂಬ ಅವರ ಸಂಭಾಷಣೆಗಳು 1979ರಲ್ಲಿ ಪುಸ್ತಕವಾದವು. ಆ ಪಂಥದ ಮೈಕೆಲ್ ಕ್ರೆಮೋ ಮತ್ತು ರಿಚರ್ಡ್ ಥಾಮ್ಸನ್ 1993ರಲ್ಲಿ ‘ಫರ್ಬಿಡನ್ ಆರ್ಕಿಯಾಲಜಿ’ ಎಂಬ ಬೃಹತ್ ಗ್ರಂಥ ಹೊರತಂದು, ಮನುಷ್ಯ ಕೋಟ್ಯಂತರ ವರ್ಷಗಳಿಂದ ಈ ಭೂಮಿಯಲ್ಲಿದ್ದಾನೆಂದು ವಾದಿಸಿದರು. ಪುರಾತತ್ವಜ್ಞರು ಅದರ ಪುರಾವೆಗಳನ್ನು ಒಪ್ಪಲಿಲ್ಲ.

ಡಾರ್ವಿನ್ ತಪ್ಪು ಎಂಬಲ್ಲಿಯವರೆಗೆ ಈ ಗುಡ್ಡದ ಮೇಲಿನ ಭಕ್ತರೂ ಕೆಂಟಕಿಯ ನಾವೆಯವರೂ ಒಂದೇ. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ ನಡುವೆ ಕಂದಕ. ಪುರಾಣಗಳ ಲೆಕ್ಕದಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ; ಕೆಂಟಕಿಯವರಿಗೆ ಇಡೀ ವಿಶ್ವಕ್ಕೆ ಆರು ಸಾವಿರ. ಒಬ್ಬರಿಗೆ ಜೀವ ಜನ್ಮದಿಂದ ಜನ್ಮಕ್ಕೆ ಸಾಗುವ ಪಯಣಿಗ, ಇನ್ನೊಬ್ಬರಿಗೆ ಒಂದೇ ಜನ್ಮ, ಒಂದೇ ತೀರ್ಪು. ವಿರೋಧವೊಂದೇ ಬಂಧವಾದ ಸ್ನೇಹದಲ್ಲಿ, ವಿರೋಧಿ ಸೋತ ಮರುದಿನ ಮಕ್ಕಳಿಗೆ ಏನು ಕಲಿಸಬೇಕೆಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಕಥೋಲಿಕರ ದಾರಿ

ಕಥೋಲಿಕ ಸಭೆಯಲ್ಲಿ ಈ ವಾಗ್ವಾದ ಶಾಲಾ ಕಾಯ್ದೆಗಳ ಸುತ್ತ ಬೆಳೆಯಲಿಲ್ಲ, ರೋಮಿನ ಅಧಿಕಾರದ ಸುತ್ತ ಬೆಳೆಯಿತು. ಪಾದ್ರಿ ಜಾನ್ ಝಾಮ್ ವಿಕಾಸಕ್ಕೂ ವಿಶ್ವಾಸಕ್ಕೂ ವಿರೋಧವಿಲ್ಲವೆಂದು 1896ರಲ್ಲಿ ಬರೆದ ಪುಸ್ತಕದ ಮೇಲೆ 1898ರಲ್ಲಿ ನಿಷೇಧದ ನಿರ್ಣಯವಾಯಿತು, ಅದನ್ನು ಪ್ರಕಟಿಸಲಿಲ್ಲ. 1909ರಲ್ಲಿ ಪೋಪರ ಬೈಬಲ್ ಆಯೋಗ, ಆದಿಕಾಂಡದ ‘ದಿನ’ವನ್ನು ದೀರ್ಘಾವಧಿಯೆಂದು ಓದಬಹುದೆಂದಿತು. ಮನುಷ್ಯದೇಹದ ಮೂಲ ಮುಂಚಿನ ಜೀವಿಗಳಲ್ಲಿದೆಯೇ ಎಂಬುದನ್ನು ವಿದ್ವಾಂಸರು ಚರ್ಚಿಸಬಹುದು, ಆತ್ಮ ಮಾತ್ರ ದೇವರ ನೇರ ಸೃಷ್ಟಿ ಎಂದು 12ನೇ ಪಯಸ್ 1950ರಲ್ಲಿ ಗೆರೆ ಎಳೆದರು. ವಿಕಾಸ ಕೇವಲ ಊಹೆಗಿಂತ ಮಿಗಿಲಾದದ್ದೆಂದು ಎರಡನೇ ಜಾನ್ ಪಾಲ್ 1996ರಲ್ಲಿ ಹೇಳಿದರು. ದೇವರು ಮಂತ್ರದಂಡ ಹಿಡಿದ ಜಾದೂಗಾರನಲ್ಲ ಎಂಬರ್ಥದ ಮಾತನ್ನು ಪೋಪ್ ಫ್ರಾನ್ಸಿಸ್ 2014ರಲ್ಲಿ ಆಡಿದರು.

ದಾರಿ ನೇರವೇನೂ ಆಗಿರಲಿಲ್ಲ. ಜೆಸ್ಯೂಟ್ ಪಳೆಯುಳಿಕೆ ತಜ್ಞ ಟೀಯಾರ್ ದ ಶಾರ್ದಾನ್ ಭಾರತದಲ್ಲೂ ಸಂಶೋಧನೆ ಮಾಡಿದವರು. ಅವರ ಬರಹಗಳ ಬಗ್ಗೆ ರೋಮ್ 1962ರಲ್ಲಿ ಎಚ್ಚರಿಕೆ ಹೊರಡಿಸಿತು, 2015ರ ಪರಿಸರ ಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಅದೇ ಟೀಯಾರ್‌ರನ್ನು ಸ್ಮರಿಸಿದರು. 2005ರಲ್ಲಿ ವಿಯೆನ್ನಾದ ಕಾರ್ಡಿನಲ್ ಷೋನ್‌ಬಾರ್ನ್ ಅಮೆರಿಕದ ಪತ್ರಿಕೆಯೊಂದರಲ್ಲಿ ನವಡಾರ್ವಿನ್‌ವಾದವನ್ನು ಟೀಕಿಸಿದಾಗ, ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥ ಪಾದ್ರಿ ಜಾರ್ಜ್ ಕಾಯ್ನ್ ಬಹಿರಂಗವಾಗಿ ಉತ್ತರಿಸಿದರು.

ಕರ್ನಾಟಕದಲ್ಲಿ, ಪಶ್ಚಿಮ ಬೆಂಗಳೂರಿನಲ್ಲಿ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ಶೇ 1.87. ಶಿಕ್ಷಣದಲ್ಲಿ ಅವರ ಪಾತ್ರ ಈ ಸಂಖ್ಯೆಗಿಂತ ಬಹಳ ದೊಡ್ಡದು. ಪಶ್ಚಿಮದಲ್ಲಿ, ಕೆಂಗೇರಿ ದಾಟಿದ ಮೇಲಿನ ಕುಂಬಳಗೋಡಿನಲ್ಲಿ ಕ್ರೈಸ್ಟ್ ವಿಶ್ವವಿದ್ಯಾಲಯದ ಕೆಂಗೇರಿ ಆವರಣವಿದೆ. ಅದನ್ನು ನಡೆಸುವ ಸಿಎಂಐ ಧರ್ಮಸಭೆ 1831ರಲ್ಲಿ ಕೇರಳದ ಮಾನ್ನಾನಂನಲ್ಲಿ ಕುರಿಯಾಕೋಸ್ ಚಾವರ ಮುಂತಾದವರಿಂದ ಹುಟ್ಟಿದ ಕಥೋಲಿಕ ಸಂಘ. ನಗರದ ಕಡೆಗೆ ಬಂದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳ ಶಾಲೆಗಳಲ್ಲಿ ರಾಜ್ಯ ಪಠ್ಯಕ್ರಮ, ಸಿಬಿಎಸ್‌ಇ, ಐಸಿಎಸ್‌ಇ ಮೂರೂ ನಡೆಯುತ್ತವೆ.

ಇಲ್ಲಿ ಡೋವರ್ ಏಕೆ ಹುಟ್ಟಲಿಲ್ಲ? ಮುಖ್ಯ ಕಾರಣ ನಮ್ಮ ಸಂವಿಧಾನ ಹಾಕಿಕೊಟ್ಟ ಬೇರೆ ವ್ಯವಸ್ಥೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಮತಬೋಧನೆಯನ್ನು 28ನೇ ವಿಧಿ ತಡೆಯುತ್ತದೆ. ಅನುದಾನಿತ ಶಾಲೆಯಲ್ಲಿ ಯಾರನ್ನೂ ಅದಕ್ಕೆ ಬಲವಂತ ಮಾಡುವಂತಿಲ್ಲ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ಕಟ್ಟುವ ಹಕ್ಕು ಕೊಡುತ್ತದೆ. ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಈ ಹಕ್ಕಿನ ಜೊತೆಗೆ ಶಿಕ್ಷಣದ ಗುಣಮಟ್ಟ ಕಾಯುವ ಸರ್ಕಾರದ ಅಧಿಕಾರವನ್ನೂ ಎತ್ತಿಹಿಡಿಯಿತು. ಹೀಗಾಗಿ ಕ್ರೈಸ್ತ ಶಾಲೆಯಲ್ಲಿ ಆದಿಕಾಂಡಕ್ಕೆ ವಿಜ್ಞಾನದ ವೇಷ ಹಾಕಿಸುವ ಅಗತ್ಯವೇ ಬೀಳಲಿಲ್ಲ. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶದ ತರಗತಿ, ಉಳಿದವರಿಗೆ ನೀತಿಶಿಕ್ಷಣ, ಎಲ್ಲರಿಗೂ ಬೋರ್ಡಿನ ಜೀವವಿಜ್ಞಾನ: ಇದು ಬಹಳ ಶಾಲೆಗಳ ರೂಢಿ. ಪ್ರಾಟೆಸ್ಟೆಂಟ್ ಮನೆಗಳ ಮಕ್ಕಳು ಆದಾಮ, ಹವ್ವ, ನೋಹರ ಕಥೆಗಳನ್ನು ಸಂಡೇ ಸ್ಕೂಲಿನಲ್ಲಿ ಕೇಳುತ್ತಾರೆ. ದೇವರ ಹೆಸರು ಹೇಳಲು ಜಾಗ ಇರುವಲ್ಲಿ ಅದನ್ನು ಮುಚ್ಚಿಡುವ ರಾಜಿ ಬೇಕಾಗುವುದಿಲ್ಲ.

ಈ ವ್ಯವಸ್ಥೆಗೂ ಒಂದು ಬೆಲೆ ಇದೆ. ಎರಡು ತರಗತಿಗಳು ಎದುರಾಬದುರು ಕೂತು ಮಾತಾಡುವುದೇ ಇಲ್ಲ. ಸೋಮವಾರ ಪರೀಕ್ಷೆಗೆ ವಿಕಾಸ, ಭಾನುವಾರ ಆರಾಧನೆಗೆ ಆದಿಕಾಂಡ ಎಂದು ಬೆಳೆದ ಮಗು ಎರಡನ್ನೂ ಜೋಡಿಸಿ ಕೇಳಿದಾಗ ಉತ್ತರ ಹೇಳುವ ಶಿಕ್ಷಕರು, ಸಭಾಪಾಲಕರು ಕಡಿಮೆ. ಆ ಖಾಲಿ ಜಾಗಕ್ಕೆ ಅಮೆರಿಕದ ಸಂಸ್ಥೆಗಳ ಪುಸ್ತಕ, ವಿಡಿಯೊಗಳು, ಅವುಗಳ ಜೊತೆ ಅಲ್ಲಿಯ ಜಗಳದ ಶಬ್ದಕೋಶವೂ ಸಲೀಸಾಗಿ ಬಂದು ಕೂರುತ್ತವೆ, ಹೆಚ್ಚಾಗಿ ಸ್ವತಂತ್ರ ಮತ್ತು ಪೆಂತೆಕೋಸ್ತ ಸಭೆಗಳ ಮೂಲಕ. ಭಾರತೀಯ ಕ್ರೈಸ್ತ ಚಿಂತನೆಗೆ ತನ್ನದೇ ದಾರಿ ಇತ್ತೆಂಬುದು ಆಗ ಮರೆತುಹೋಗುತ್ತದೆ. ನೆಲ್ಲೂರಿನಲ್ಲಿ ಹುಟ್ಟಿದ, ನ್ಯಾಯಾಧೀಶರಾಗಿದ್ದ ಪಿ. ಚೆಂಚಯ್ಯ (1886–1959) ವಿಕಾಸವನ್ನು ಶತ್ರುವೆಂದು ಕಾಣಲಿಲ್ಲ. ಸೃಷ್ಟಿ ಇನ್ನೂ ನಡೆಯುತ್ತಲೇ ಇದೆ, ಯೇಸುವಿನಲ್ಲಿ ಮನುಷ್ಯಕುಲಕ್ಕೆ ಹೊಸ ಹಂತವೊಂದು ತೆರೆಯಿತು ಎಂದು ಅವರು ಬರೆದರು. 1938ರಲ್ಲಿ ಅವರೂ ಸೇರಿ ತಂದ ‘ರೀಥಿಂಕಿಂಗ್ ಕ್ರಿಶ್ಚಿಯಾನಿಟಿ ಇನ್ ಇಂಡಿಯಾ’ ಭಾರತೀಯ ದೈವಶಾಸ್ತ್ರದ ಮೈಲಿಗಲ್ಲು. ಚೆಂಚಯ್ಯನವರ ದೈವಶಾಸ್ತ್ರವನ್ನು ಒಪ್ಪದವರೂ ಇದ್ದಾರೆ, ಇರಲಿ. ಡೇಟನ್ನಿನ ಜಗಳವನ್ನು ಎರವಲು ತರುವ ಮುನ್ನ ನಮ್ಮವರು ಓದಬೇಕಾದ ಹೆಸರು ಅದು.

ಭಾರತದಲ್ಲಿ ವಿಕಾಸದ ಬೋಧನೆಗೆ ಇತ್ತೀಚೆಗೆ ಬಿದ್ದ ಪೆಟ್ಟುಗಳಲ್ಲಿ ಕ್ರೈಸ್ತರ ಪಾತ್ರ ಇರಲಿಲ್ಲ. 2018ರ ಜನವರಿಯಲ್ಲಿ ಕೇಂದ್ರದ ಆಗಿನ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಡಾರ್ವಿನ್ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಅದನ್ನು ಪಠ್ಯದಿಂದ ಬದಲಿಸಬೇಕೆಂದರು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಇದನ್ನು ಖಂಡಿಸಿದವು. 2022ರಲ್ಲಿ ಎನ್‌ಸಿಇಆರ್‌ಟಿ, ಪಠ್ಯದ ಹೊರೆ ಇಳಿಸುವ ಕಾರಣ ಕೊಟ್ಟು 10ನೇ ತರಗತಿಯ ವಿಜ್ಞಾನದ ‘ಅನುವಂಶೀಯತೆ ಮತ್ತು ವಿಕಾಸ’ ಪಾಠದಿಂದ ವಿಕಾಸದ ಭಾಗ ತೆಗೆದುಹಾಕಿತು. ಮರುವರ್ಷ ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿ ಹೊರಡಿಸಿದ ಮನವಿಗೆ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿದರು. 2022ರಲ್ಲಿ ಬೆಂಗಳೂರಿನ ಕ್ರೈಸ್ತ ಶಾಲೆಯೊಂದರ ಸುತ್ತ ವಿವಾದ ಎದ್ದದ್ದೂ ಮಕ್ಕಳು ಬೈಬಲ್ ತರುವ ನಿಯಮದ ಬಗ್ಗೆ. ಜೀವವಿಜ್ಞಾನದ ಪಾಠದ ಬಗ್ಗೆ ಅಲ್ಲಿ ತಕರಾರೇ ಇರಲಿಲ್ಲ.

ವಿಕಾಸದ ವಿಷಯ 12ನೇ ತರಗತಿಯ ಎನ್‌ಸಿಇಆರ್‌ಟಿ ಜೀವವಿಜ್ಞಾನ ಪುಸ್ತಕದಲ್ಲಿ ಪೂರ್ಣ ಅಧ್ಯಾಯವಾಗಿ ಉಳಿದಿದೆ. ನಮ್ಮ ದ್ವಿತೀಯ ಪಿಯುಸಿಯಲ್ಲಿ ಜೀವವಿಜ್ಞಾನ ತೆಗೆದುಕೊಂಡವರೂ ಅದನ್ನು ಓದುತ್ತಾರೆ. 10ರ ನಂತರ ವಾಣಿಜ್ಯ ಅಥವಾ ಕಲಾ ವಿಭಾಗಕ್ಕೆ ಹೋಗುವ ಸಿಬಿಎಸ್‌ಇ ಮಕ್ಕಳಿಗೆ, ಆ ಬದಲಾವಣೆಯ ಬಳಿಕ, ಆ ಅಧ್ಯಾಯ ಎದುರಾಗುವುದಿಲ್ಲ. ಪಠ್ಯಪುಸ್ತಕದ ಆಚೆ, ಕನ್ನಡ ಓದುವವರಲ್ಲಿ ಅನೇಕರು ವಿಕಾಸದ ಬೆರಗನ್ನು ಮೊದಲು ಕಂಡದ್ದು ಪೂರ್ಣಚಂದ್ರ ತೇಜಸ್ವಿಯವರ 1980ರ ‘ಕರ್ವಾಲೊ’ ಕಾದಂಬರಿಯ ಹಾರುವ ಓತಿಯಲ್ಲಿ. ಆ ಕಥೆಯ ವಿಜ್ಞಾನಿಗೆ ತೇಜಸ್ವಿ ಇಟ್ಟದ್ದು ಕರಾವಳಿಯ ಕ್ರೈಸ್ತ ಮನೆತನದ ಹೆಸರು.